335-ಇ ಬಸ್ಸಿನಿಂದ ಇಳಿದ ದಿನ

ಮುರುಗೇಶ್‌ಪಾಳ್ಯದಲ್ಲಿ ಹತ್ತಿ ಬ್ರೂಕ್‌ಫೀಲ್ಡ್‌ನಲ್ಲಿ ಇಳಿಯೋದು. ಇಷ್ಟೇ ನನ್ನ ದಿನದ ಪ್ರಯಾಣ. ಮೆಜೆಸ್ಟಿಕ್‌ನಿಂದ ಕಾಡುಗೋಡಿಗೆ ಹೋಗುವ 335-ಇ ಬಸ್ಸಿನಲ್ಲಿ ನಾನು ನಿದ್ದೆ ಮಾಡಿದ್ದೇನೆ, ಅತ್ತಿದ್ದೇನೆ, ಅವರೆ ಕಾಲದಲ್ಲಿ ಕೂತು ಕಾಯಿ ಕೂಡ ಸುಲಿದಿದ್ದೇನೆ. ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ ನನ್ನ ಸ್ಟಾಪ್ ಬರುವ ಮುಂಚೆ ಹೆದರಿ ಇಳಿದುಬಿಟ್ಟೆ. ಅದನ್ನು ಬರೆಯಬೇಕು ಅಂತ ತುಂಬಾ ದಿನದಿಂದ ಇತ್ತು. ನಾಚಿಕೆ ಆಗುತ್ತಿತ್ತು, ಅದಕ್ಕೇ ಇಷ್ಟು ತಡ.

2024ರ ಮಾರ್ಚ್ 4, ಸೋಮವಾರ. ಹಿಂದಿನ ಶುಕ್ರವಾರ ಮಧ್ಯಾಹ್ನ ಊಟದ ಹೊತ್ತಿಗೆ ರಾಮೇಶ್ವರಂ ಕೆಫೆಯಲ್ಲಿ ಸ್ಫೋಟ ಆಗಿತ್ತು. ನಮ್ಮ ಆಫೀಸಿನಿಂದ ಅಲ್ಲಿಗೆ ನಡೆದೇ ಹೋಗಬಹುದು. ಮೊದಲು ಎಲ್ಲರೂ ಸಿಲಿಂಡರ್ ಅಂದರು. ಸಂಜೆಯೊಳಗೆ ಬಾಂಬ್ ಅಂತ ಗೊತ್ತಾಯಿತು. ಬಂದವನು ಇಡ್ಲಿ ತಗೊಂಡಿದ್ದಾನೆ, ಕೈ ತೊಳೆಯುವ ಜಾಗದ ಹತ್ತಿರ ಬ್ಯಾಗ್ ಇಟ್ಟಿದ್ದಾನೆ, ಹೋಗಿದ್ದಾನೆ. ಶನಿವಾರ, ಭಾನುವಾರ ಟಿವಿಯಲ್ಲಿ ಅದೇ ವಿಡಿಯೊ. ಕ್ಯಾಪ್, ಮಾಸ್ಕ್, ಕನ್ನಡಕ, ಹೆಗಲಿಗೆ ಬ್ಯಾಗ್. ಬಿಎಂಟಿಸಿ ಬಸ್ಸಿನಲ್ಲಿ ಓಡಾಡಿದ್ದಾನೆ ಅಂತಲೂ ಹೇಳಿದರು. ಅದನ್ನು ಕೇಳಿ ಅವನಿಗಿಂತ ಹೆಚ್ಚಾಗಿ ನನ್ನ ಕಣ್ಣ ಮುಂದೆ ಬಂದದ್ದು ಹಿಡಿದುಕೊಳ್ಳುವ ಹಳದಿ ಕಂಬಿ. ದಿನಾ ನಾನು ಹಿಡಿಯುವಂಥದ್ದೇ.

ಸೋಮವಾರ ಎಚ್‌ಎಎಲ್ ದಾಟಿದ ಮೇಲೆ ಒಬ್ಬ ಹುಡುಗ ಹತ್ತಿದ. ಇಪ್ಪತ್ತೈದು ವಯಸ್ಸಿರಬಹುದು. ತಲೆಗೆ ಕ್ಯಾಪ್. ಕಪ್ಪು ಬ್ಯಾಗನ್ನು ಎದೆಗೆ ಅವುಚಿಕೊಂಡು ನನ್ನ ಸೀಟಿನ ಪಕ್ಕ ನಿಂತ. ಆ ಬಸ್ಸಿನಲ್ಲಿದ್ದ ಬ್ಯಾಗುಗಳಲ್ಲಿ ಮುಕ್ಕಾಲು ಪಾಲು ಕಪ್ಪೇ, ಐಟಿಪಿಎಲ್ ಟೆಕ್‌ಪಾರ್ಕ್ ಕಡೆ ಹೋಗುವವರಲ್ಲಿ ಬೇರೆ ಬಣ್ಣ ಹುಡುಕಬೇಕು. ಅವನು ಎರಡು ಸಲ ಟೈಮ್ ನೋಡಿಕೊಂಡ. ನಾನು ಮೂರು ಸಲ ಅವನನ್ನು ನೋಡಿದೆ. ಮಾರತಹಳ್ಳಿ ಸೇತುವೆ ಹತ್ತಿರ ಬಸ್ಸು ನಿಂತಾಗ ಎದ್ದು ಇಳಿದುಬಿಟ್ಟೆ. ಇಳಿಯುವಾಗ ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಆಮೇಲೆ ನನ್ನ ಸೀಟಿನಲ್ಲಿ ಕೂತ. ಕಿಟಕಿಯಲ್ಲಿ ಕಂಡ.

ಕ್ಯಾಪ್ ನೋಡಿ ಇಳಿದೆ ಅಂತ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಆ ಬಸ್ಸಿನಲ್ಲಿ ಇನ್ನೂ ಇಬ್ಬರು ಕ್ಯಾಪ್ ಹಾಕಿದ್ದರು. ಈ ಹುಡುಗನಿಗೆ ಗಡ್ಡ ಇತ್ತು, ಮೀಸೆ ಇರಲಿಲ್ಲ. ನಾನು ಇಳಿದದ್ದು ಅದಕ್ಕೆ.

ಮಾರತಹಳ್ಳಿಯಿಂದ ಆಟೋ ಹಿಡಿದೆ. ಆ ಪುಣ್ಯಾತ್ಮ ಒಂದು ಕೈಯಲ್ಲಿ ಫೋನ್ ಹಿಡಿದು ಯಾರಿಗೋ ಬಯ್ಯುತ್ತ, ಯೂ ಟರ್ನ್ ದೂರ ಅಂತ ಅರ್ಧ ಕಿಲೋಮೀಟರ್ ರಾಂಗ್ ಸೈಡಿನಲ್ಲೇ ಓಡಿಸಿದ. ಎದುರಿಗೆ ನೀರಿನ ಟ್ಯಾಂಕರ್ ಬಂತು. ನಾನು ಕಣ್ಣು ಮುಚ್ಚಿಕೊಂಡೆ, ಆದರೆ "ನಿಲ್ಸಿ, ಇಳೀತೀನಿ" ಅನ್ನಲಿಲ್ಲ. ಟ್ಯಾಂಕರ್ ಅಂದರೆ ಅಭ್ಯಾಸ ಆಗಿಹೋಗಿದೆ. ಟ್ಯಾಂಕರ್ ಟಿವಿಯಲ್ಲಿ ಬರಲ್ಲ.

ಈ ಲೆಕ್ಕ ತಪ್ಪೋದು ನನಗೊಬ್ಬಳಿಗೇ ಅಲ್ಲ. 2001ರ ಸೆಪ್ಟೆಂಬರ್ 11ರ ದಾಳಿ ಆದಮೇಲೆ ಅಮೆರಿಕದಲ್ಲಿ ಎಷ್ಟೋ ಜನ ವಿಮಾನ ಬಿಟ್ಟು ಕಾರಿನಲ್ಲಿ ಓಡಾಡತೊಡಗಿದರು. ಗೆರ್ಡ್ ಗಿಗರೆಂಜರ್ ಅನ್ನೋ ಜರ್ಮನ್ ಮನಶ್ಶಾಸ್ತ್ರಜ್ಞ ಕೂತು ರಸ್ತೆ ಸಾವುಗಳ ಲೆಕ್ಕ ತೆಗೆದರು. ಮುಂದಿನ 12 ತಿಂಗಳಲ್ಲಿ ರಸ್ತೆಯಲ್ಲಿ ಮಾಮೂಲಿಗಿಂತ ಸುಮಾರು 1,500 ಜನ ಜಾಸ್ತಿ ಸತ್ತಿದ್ದಾರೆ ಅನ್ನೋದು ಅವರ ಅಂದಾಜು. ದಾಳಿಗೆ ಸಿಕ್ಕಿದ ನಾಲ್ಕು ವಿಮಾನಗಳಲ್ಲಿ ಪ್ರಯಾಣಿಕರು, ಸಿಬ್ಬಂದಿ ಸೇರಿ ಸತ್ತವರು 246. ವಿಮಾನಕ್ಕೆ ಹೆದರಿ ರಸ್ತೆಗೆ ಬಂದು ಸತ್ತವರು ಅದರ ಎಷ್ಟು ಪಟ್ಟು ನೋಡಿ. ಅವರ ಸಾವು ಯಾವ ಸ್ಮಾರಕದಲ್ಲೂ ಇಲ್ಲ. ಒಬ್ಬೊಬ್ಬರೇ, ಬೇರೆ ಬೇರೆ ಊರಲ್ಲಿ, ಸಾದಾ ಅಪಘಾತ ಅಂತ ಹೋದರು. ನಮ್ಮ ದೇಶದಲ್ಲಿ 2022ರ ಒಂದೇ ವರ್ಷ ರಸ್ತೆಯಲ್ಲಿ ಸತ್ತವರು 1,68,491 ಜನ. ನಾವು ಹೆಲ್ಮೆಟ್ಟನ್ನು ಕನ್ನಡಿಗೆ ನೇತುಹಾಕಿಕೊಂಡು ಹೋಗ್ತೀವಿ.

ಅದೇ ಮಾರ್ಚ್ ಕೊನೆಯಲ್ಲಿ ಡೇನಿಯಲ್ ಕಾನೆಮನ್ ತೀರಿಕೊಂಡರು. ಮನುಷ್ಯ ಹೇಗೆ ಯೋಚಿಸುತ್ತಾನೆ ಅಂತ ಜೀವಮಾನವೆಲ್ಲ ಅಧ್ಯಯನ ಮಾಡಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಅವರ ಬಗ್ಗೆ ಬಂದದ್ದನ್ನೆಲ್ಲ ಓದುತ್ತಿದ್ದಾಗ ನೆನಪಾಯಿತು. ಇಸ್ರೇಲ್‌ನಲ್ಲಿ ಬಸ್ಸುಗಳಲ್ಲಿ ಆತ್ಮಾಹುತಿ ಬಾಂಬ್ ಸಿಡಿಯುತ್ತಿದ್ದ ಕಾಲದಲ್ಲಿ ಅವರು ಅಲ್ಲಿಗೆ ಹೋಗಿ ಬಾಡಿಗೆ ಕಾರು ಓಡಿಸುತ್ತಿದ್ದರಂತೆ. ಸಿಗ್ನಲ್ಲಿನಲ್ಲಿ ಬಸ್ಸಿನ ಪಕ್ಕ ನಿಲ್ಲಲು ಮನಸ್ಸು ಬರುತ್ತಿರಲಿಲ್ಲವಂತೆ, ದೀಪ ಹಸಿರಾದ ತಕ್ಷಣ ಬೇಗ ಮುಂದೆ ಹೋಗಿಬಿಡುತ್ತಿದ್ದರಂತೆ. ಅಪಾಯ ತೀರಾ ಕಡಿಮೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾಚಿಕೆ ಆಯಿತು ಅಂತ ಅವರೇ ಬರೆದುಕೊಂಡಿದ್ದಾರೆ. ಓದಿ ನನಗೆ ಸ್ವಲ್ಪ ಸಮಾಧಾನ ಆಯಿತು. ಸ್ವಲ್ಪವೇ. ಅವರು ಹೆದರಿದ್ದು ಬಸ್ಸಿಗೆ. ನಾನು ಹೆದರಿದ್ದು ಒಬ್ಬ ಹುಡುಗನಿಗೆ. ಬಸ್ಸಿಗೇನೂ ಬೇಜಾರಾಗಲ್ಲ.

ಭಯ ಹೀಗೆ ಮುಖ ಹುಡುಕಿಕೊಂಡು ಹೋಗೋದನ್ನು ನಾನು ಮೊದಲು ನೋಡಿದ್ದು ಬೆಂಗಳೂರಲ್ಲಲ್ಲ, ನಮ್ಮ ಮನೆ ಜಗಲಿಯಲ್ಲಿ. 2007ರ ಜುಲೈ. ನಮ್ಮೂರು ಮೂಡಿಗೆರೆ ತಾಲ್ಲೂಕು. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತ ಮನೆಯಲ್ಲಿದ್ದೆ. ಹೊರಗೆ ಜಡಿಮಳೆ. ಪೇಪರಿನಲ್ಲಿ ಡಾ. ಮೊಹಮ್ಮದ್ ಹನೀಫ್ ಸುದ್ದಿ. ಮೂಡಿಗೆರೆಯಲ್ಲಿ ಹುಟ್ಟಿದವರು, ಬೆಂಗಳೂರಲ್ಲಿ ಡಾಕ್ಟರ್ ಓದಿ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ ಕೆಲಸಕ್ಕಿದ್ದವರು. ಆಗಷ್ಟೇ ಹುಟ್ಟಿದ ಮಗಳನ್ನು ನೋಡೋಕೆ ಬೆಂಗಳೂರಿಗೆ ಹೊರಟಿದ್ದರು. ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಹಿಡಿದರು. ಜೂನ್ 30ಕ್ಕೆ ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪ್ ನುಗ್ಗಿಸಿದ್ದರಲ್ಲ, ಅದರಲ್ಲಿದ್ದ ಕಫೀಲ್ ಅಹ್ಮದ್ ಇವರ ದೂರದ ಸಂಬಂಧಿ. ಅವನ ತಮ್ಮನಿಗೆ ಹನೀಫ್ ಒಂದು ವರ್ಷದ ಹಿಂದೆ, ಇಂಗ್ಲೆಂಡ್ ಬಿಡುವಾಗ ತಮ್ಮ ಸಿಮ್ ಕಾರ್ಡ್ ಕೊಟ್ಟು ಬಂದಿದ್ದರು. ಆ ಸಿಮ್ ಉರಿದ ಜೀಪಿನಲ್ಲಿ ಸಿಕ್ಕಿತು ಅಂತ ಕೋರ್ಟಿನಲ್ಲೇ ಹೇಳಿದರು.

ಅಪ್ಪ ಕನ್ನಡಕ ತೆಗೆದು ಪೇಪರ್ ಮಡಚಿ, "ಬೆಂಕಿ ಇಲ್ದೆ ಹೊಗೆ ಆಡುತ್ತಾ?" ಅಂದರು. ಅಮ್ಮ ಒಳಗಿಂದಲೇ, "ನಮ್ ತಾಲ್ಲೂಕಿನ ಹೆಸರು ಹಾಳಾಯ್ತು" ಅಂದರು. ಅಪ್ಪ ಕೆಟ್ಟವರಲ್ಲ. ನಮ್ಮ ಮನೆಯ ಕಾಫಿ, ಮೆಣಸು ಮಾರುತ್ತಿದ್ದದ್ದೇ ಒಬ್ಬ ಸಾಬರಿಗೆ, ಅಜ್ಜನ ಕಾಲದಿಂದ. ಆ ಎರಡು ವಿಷಯ ಅಪ್ಪನ ತಲೆಯಲ್ಲಿ ಬೇರೆ ಬೇರೆ ಕೋಣೆಯಲ್ಲಿ ಇದ್ದವು ಅಂತ ಕಾಣುತ್ತೆ.

ಆಮೇಲೆ ಒಂದೊಂದೇ ಬಿಚ್ಚಿಕೊಂಡಿತು. ಸಿಮ್ ಜೀಪಿನಲ್ಲಿ ಇರಲೇ ಇಲ್ಲ, ಲಿವರ್‌ಪೂಲ್‌ನಲ್ಲಿ ಆ ತಮ್ಮನ ಹತ್ತಿರವೇ ಇತ್ತು. 12 ದಿನ ಆರೋಪ ಹೊರಿಸದೆಯೇ ಇಟ್ಟುಕೊಂಡಿದ್ದರು. ಜುಲೈ 16ಕ್ಕೆ ಮ್ಯಾಜಿಸ್ಟ್ರೇಟ್ ಜಾಮೀನು ಕೊಟ್ಟರು, ಅವತ್ತೇ ಸರ್ಕಾರ ವೀಸಾ ರದ್ದು ಮಾಡಿತು. 27ಕ್ಕೆ ಕೇಸೇ ಬಿದ್ದುಹೋಯಿತು. ಅವರು ಬೆಂಗಳೂರಿಗೆ ವಾಪಸ್ ಬಂದರು. ಮುಂದೆ ಅಲ್ಲಿಯ ಸರ್ಕಾರ ನೇಮಿಸಿದ ವಿಚಾರಣೆಯೇ ಅವರದ್ದೇನೂ ತಪ್ಪಿಲ್ಲ ಅಂತ ಹೇಳಿತು, 2010ರಲ್ಲಿ ಪರಿಹಾರವನ್ನೂ ಕೊಟ್ಟರು. ಕೇಸು ಬಿದ್ದ ದಿನದ ಪೇಪರನ್ನು ಅಪ್ಪ ಪೂರ್ತಿ ಓದಿದರು. ಏನೂ ಹೇಳಲಿಲ್ಲ. ಎದ್ದು ಹೋಗಿ ದನಗಳಿಗೆ ಹುಲ್ಲು ಹಾಕಿದರು. ಗಾದೆ ಹೇಳುವಾಗ ಇದ್ದ ಗಟ್ಟಿ ಧ್ವನಿ ಗಾದೆ ವಾಪಸ್ ತಗೊಳ್ಳೋಕೆ ಯಾರಿಗೂ ಬರಲ್ಲ. ಮೊನ್ನೆ ಮೊನ್ನೆಯವರೆಗೂ ನಮ್ಮ ಕಡೆ ಆ ಹೆಸರು ಎತ್ತಿದರೆ, "ಅದೇ ಆ ಬಾಂಬ್ ಕೇಸಿನ ಡಾಕ್ಟ್ರಾ?" ಅನ್ನುವವರನ್ನು ಕಂಡಿದ್ದೇನೆ. ಬಿಡುಗಡೆ ಆದದ್ದು ಅಷ್ಟಾಗಿ ನೆನಪಿಲ್ಲ.

ಮರುವರ್ಷ ನಾನು ಬೆಂಗಳೂರಿಗೆ ಬಂದೆ. ಆಡುಗೋಡಿ ಹತ್ತಿರ ಒಂದು ಪಿಜಿ. ಬಂದು ಎರಡು ತಿಂಗಳೂ ಆಗಿರಲಿಲ್ಲ, 2008ರ ಜುಲೈ 25ರ ಶುಕ್ರವಾರ ಮಧ್ಯಾಹ್ನ ಒಂದೂವರೆ ಸುಮಾರಿಗೆ ಸಾಲಾಗಿ ಬಾಂಬುಗಳು ಸಿಡಿದವು. ಮಡಿವಾಳ, ಮೈಸೂರು ರಸ್ತೆ, ಆಡುಗೋಡಿ, ಕೋರಮಂಗಲ, ರಿಚ್ಮಂಡ್ ರಸ್ತೆ ಕಡೆ. ಸಣ್ಣ ಬಾಂಬುಗಳು. ಮಡಿವಾಳದ ಬಸ್ ಸ್ಟಾಪಿನಲ್ಲಿ ನಿಂತಿದ್ದ ಒಬ್ಬ ಹೆಣ್ಣುಮಗಳು ಸತ್ತರು. ನಾನು ದಿನಾ ಬಸ್ಸು ಕಾಯುತ್ತಿದ್ದದ್ದು ಮಡಿವಾಳದಲ್ಲೇ.

ಆ ಮಧ್ಯಾಹ್ನ ನೆಟ್‌ವರ್ಕ್ ಜಾಮ್. ಯಾರಿಗೂ ಕಾಲ್ ಹೋಗುತ್ತಿರಲಿಲ್ಲ. ಕೊನೆಗೆ ಕಾಯಿನ್ ಬಾಕ್ಸಿನ ಮುಂದೆ ಕ್ಯೂ ನಿಂತು ಮನೆಗೆ ಮಾಡಿದೆ. ಅಮ್ಮ ಅಳುತ್ತಿದ್ದರು. "ಇಡೀ ಬೆಂಗ್ಳೂರೇ ಹೊತ್ತಿ ಉರೀತಿದೆ ಅಂತ ತೋರಿಸ್ತಿದಾರಲ್ಲೇ" ಅಂದರು. ನಾನು ನಿಂತಿದ್ದ ರಸ್ತೆಯಲ್ಲಿ ಒಬ್ಬ ಕಡಲೆಕಾಯಿ ಮಾರುತ್ತಿದ್ದ. ಇನ್ನೊಬ್ಬ ಬೈಕಿಗೆ ಗಾಳಿ ಹೊಡೆಸುತ್ತಿದ್ದ. ಅಮ್ಮನಿಗೆ ಅದನ್ನು ಹೇಳಿದೆ, ಅವರು ನಂಬಲಿಲ್ಲ. ಟಿವಿ ಸುಳ್ಳು ಹೇಳುತ್ತಾ? ಮಾರನೇ ದಿನ ಅಹಮದಾಬಾದಿನಲ್ಲಿ ಸಾಲು ಸ್ಫೋಟ. ಅಲ್ಲಿ ತುಂಬಾ ಜನ ಸತ್ತರು. ಆಗ ನನಗೂ ಭಯ ಒಳಗಿಳಿಯಿತು.

ಅವತ್ತು ರಾತ್ರಿ ಪಿಜಿ ಆಂಟಿ ಬಂದು ಎಲ್ಲರ ಐಡಿ ಜೆರಾಕ್ಸ್ ಕೇಳಿದರು. ಪೊಲೀಸರು ಕೇಳಬಹುದು ಅಂತ. ನ್ಯಾಯವಾದದ್ದೇ. ನಾನು ನಾಳೆ ಕೊಡ್ತೀನಿ ಆಂಟಿ ಅಂದೆ. ಆ ನಾಳೆ ಬರಲೇ ಇಲ್ಲ, ಆಂಟಿಯೂ ಮತ್ತೆ ಕೇಳಲಿಲ್ಲ. ನನ್ನ ರೂಮ್‌ಮೇಟ್ ಕಣ್ಣೂರಿನವಳು, ಮುಸ್ಲಿಂ. ಅವಳು ಅವತ್ತೇ ಕೊಟ್ಟಳು. ವಾರದಲ್ಲಿ ಅವಳಿಂದ ಇನ್ನೊಂದು ಸಲ ಇಸಕೊಂಡರು, ಜೊತೆಗೆ ಅಣ್ಣನ ಫೋನ್ ನಂಬರ್, ಆಫೀಸಿನ ಪತ್ರ. ಅವಳು ಜಗಳ ಆಡಲಿಲ್ಲ. ಒಂದು ಪ್ಲಾಸ್ಟಿಕ್ ಫೈಲ್ ಕೊಂಡು ಎಲ್ಲದರ ನಾಲ್ಕು ನಾಲ್ಕು ಪ್ರತಿ ಮಾಡಿಸಿ ಇಟ್ಟುಕೊಂಡಳು. "ಕೇಳೋಕೆ ಮುಂಚೆ ಕೊಟ್ಟುಬಿಟ್ರೆ ಮುಖ ನೋಡಲ್ಲ" ಅಂದಿದ್ದಳು. ಆಗ ಅದರ ಅರ್ಥ ನನಗೆ ಅಷ್ಟು ಆಗಲಿಲ್ಲ.

ಉಳಿದ ತಪಾಸಣೆಯ ಕತೆ ನಿಮಗೆಲ್ಲ ಗೊತ್ತಿರೋದೇ. ಮುಂಬೈ ದಾಳಿ ಆದಮೇಲೆ ಮಾಲು, ಸ್ಟೇಷನ್ನು, ಹೋಟೆಲು ಎಲ್ಲ ಕಡೆ ಮೆಟಲ್ ಡಿಟೆಕ್ಟರ್ ಬಾಗಿಲು ಬಂದವು. ಅದು ಎಲ್ಲರಿಗೂ ಕುಂಯ್ ಅನ್ನುತ್ತೆ, ಯಾರೂ ತಿರುಗಿ ನೋಡಲ್ಲ. ಬ್ಯಾಗಿನ ಮೊದಲ ಜಿಪ್ ತೆಗೆದು ತೋರಿಸಿದರೆ ಆಯಿತು, ಎರಡನೇ ಜಿಪ್ ಇರೋದೇ ಅವರಿಗೆ ಗೊತ್ತಿಲ್ಲ. ಕಾರಿನ ಡಿಕ್ಕಿ ತೆರೆಸಿ, ತರಕಾರಿ ಚೀಲ ನೋಡಿ, "ಹೋಗಿ ಸಾರ್." ಹೆಂಗಸರನ್ನು ಪರದೆಯ ಹಿಂದೆ ಕರೆದು ಕೋಲು ಆಡಿಸುವ ಹುಡುಗಿ ಒಮ್ಮೆ ನನ್ನ ಟಿಫಿನ್ ಬಾಕ್ಸ್ ತಟ್ಟಿ "ಏನ್ ಅಕ್ಕಾ ಇವತ್ತು?" ಅಂದಳು. ಚಿತ್ರಾನ್ನ ಅಂದೆ. ಇದರಿಂದ ಬಾಂಬ್ ಸಿಗುತ್ತೋ ಇಲ್ಲವೋ, ಯಾರೋ ನೋಡ್ತಿದಾರೆ ಅಂತ ನಮಗೆ ಸಮಾಧಾನ ಸಿಗುತ್ತೆ. ಅದಕ್ಕೂ ಬೆಲೆ ಇದೆ, ನಾನು ಹಗುರ ಮಾಡುತ್ತಿಲ್ಲ. ಹನ್ನೆರಡು ಗಂಟೆ ನಿಂತೇ ಕೆಲಸ ಮಾಡುವ ಆ ಹುಡುಗಿಯ ತಪ್ಪಂತೂ ಅಲ್ಲ.

ಆದರೆ ಬಾಗಿಲಲ್ಲಿ ಒಬ್ಬರನ್ನು ನಿಲ್ಲಿಸಿ "ಯಾರು ಸರಿ ಇಲ್ಲ ನೋಡು" ಅಂದರೆ, ಅವರು ಬಾಂಬನ್ನು ಹುಡುಕೋದಕ್ಕಿಂತ ಮೊದಲು ಮನುಷ್ಯರನ್ನು ಅಳೆಯತೊಡಗುತ್ತಾರೆ. ಕೆಫೆ ಸ್ಫೋಟಕ್ಕೆ ಸ್ವಲ್ಪ ದಿನ ಮುಂಚೆ, ಅದೇ ಫೆಬ್ರವರಿಯಲ್ಲಿ, ರಾಜಾಜಿನಗರದ ಮೆಟ್ರೊ ಸ್ಟೇಷನ್ನಿನಲ್ಲಿ ತಲೆ ಮೇಲೆ ಮೂಟೆ ಹೊತ್ತ ರೈತರೊಬ್ಬರನ್ನು ತಪಾಸಣೆಯಲ್ಲಿ ತಡೆದ ವಿಡಿಯೊ ನೋಡಿದ್ದೀರಲ್ಲ? ಮೂಟೆಯಲ್ಲಿದ್ದದ್ದು ಬಟ್ಟೆ. ಕೈಯಲ್ಲಿ ಟಿಕೆಟ್ ಇತ್ತು. ಅಲ್ಲಿದ್ದ ಪ್ರಯಾಣಿಕರು ಜಗಳ ಆಡಿ ಒಳಗೆ ಬಿಡಿಸಿದರು, ಆಮೇಲೆ ಮೇಲ್ವಿಚಾರಕನ ಕೆಲಸ ಹೋಯಿತು. ಅದೇ ಸಾಲಿನಲ್ಲಿ ನಾನಿದ್ದಿದ್ದರೆ ನನ್ನ ಸೂಟ್‌ಕೇಸ್ ಸರಕ್ಕನೆ ಸ್ಕ್ಯಾನರಿನೊಳಗೆ ಹೋಗಿಬಿಡುತ್ತಿತ್ತು.

ಹೆದರಿದವರ ಕತೆ ಹೀಗಾದರೆ, ನಮ್ಮ ಭಯ ಯಾರ ಮೇಲೆ ಬೀಳುತ್ತೋ ಅವರ ಭಯ ಇನ್ನೊಂದು. ಅದನ್ನು ಕಣ್ಣಾರೆ ಕಂಡದ್ದು 2012ರ ಆಗಸ್ಟ್‌ನಲ್ಲಿ. ಆಗ ಬಾಂಬ್ ಇರಲಿಲ್ಲ. ಬರೀ ಮೆಸೇಜು. ಅಸ್ಸಾಮಿನ ಕೊಕ್ರಾಝಾರ್ ಕಡೆ ಗಲಭೆ ಆಗಿತ್ತು. ಅದಕ್ಕೆ ಸೇಡಾಗಿ ರಂಜಾನ್ ಮುಗಿದ ಮೇಲೆ ಇಲ್ಲಿರುವ ಈಶಾನ್ಯದವರನ್ನು ಹೊಡೆಯುತ್ತಾರೆ ಅಂತ ಎಸ್ಸೆಮ್ಮೆಸ್ ಹರಿದಾಡಿತು. ಎರಡು ಮೂರು ದಿನದಲ್ಲಿ ಸಾವಿರಾರು ಜನ ಮೆಜೆಸ್ಟಿಕ್‌ನ ರೈಲ್ವೆ ಸ್ಟೇಷನ್ನಿಗೆ ಬಂದರು. ಗುವಾಹಟಿಗೆ ಸ್ಪೆಷಲ್ ರೈಲು ಬಿಟ್ಟರು. ಮಂತ್ರಿಗಳು, ಪೊಲೀಸರು ಸ್ಟೇಷನ್ನಿಗೇ ಹೋಗಿ ಹೋಗಬೇಡಿ ಅಂದರು, ಯಾರೂ ಕೇಳಲಿಲ್ಲ. ಒಟ್ಟಿಗೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ದೇಶಕ್ಕೆಲ್ಲ ನಿಯಮ ಮಾಡಿತು.

ಆಗ ನಾವು ಮುರುಗೇಶ್‌ಪಾಳ್ಯದ ಬಾಡಿಗೆ ಮನೆಗೆ ಬಂದಿದ್ದೆವು. ಕಟ್ಟಡದ ವಾಚ್‌ಮನ್ ಅಸ್ಸಾಮಿನ ಹುಡುಗ. ಎಲ್ಲರೂ ಅವನನ್ನು ಬಹಾದ್ದೂರ್ ಅನ್ನುತ್ತಿದ್ದರು. ಅವನ ಹೆಸರು ಅದಲ್ಲ, ನೇಪಾಳವೂ ಅವನ ಊರಲ್ಲ. ಆಗಸ್ಟ್ 16ರ ಸಂಜೆ ಬಂದು ಬೀಗದ ಕೈ ಗೊಂಚಲು ಅಮ್ಮನ ಕೈಗೆ ಕೊಟ್ಟ. ನೀರಿನ ಮೋಟಾರ್ ಎಷ್ಟು ಹೊತ್ತಿಗೆ ಹಾಕಬೇಕು, ಯಾವ ವಾಲ್ವ್ ತಿರುಗಿಸಬೇಕು ಅಂತ ತನ್ನ ಅರ್ಧಂಬರ್ಧ ಕನ್ನಡದಲ್ಲಿ ಎರಡೆರಡು ಸಲ ಹೇಳಿದ. ಅಮ್ಮ, "ಇಲ್ಲಿ ಯಾರಪ್ಪ ನಿನ್ನ ಹೊಡೀತಾರೆ? ನಾವಿಲ್ವಾ?" ಅಂದರು. ಅವನು ಮೊಬೈಲ್ ತೆಗೆದು ಮೆಸೇಜ್ ತೋರಿಸಿದ. ಅಮ್ಮನಿಗೆ ಇಂಗ್ಲಿಷ್ ಬರಲ್ಲ, ಅವನಿಗೂ ಅಷ್ಟಕ್ಕಷ್ಟೆ. ಇಬ್ಬರೂ ಆ ಪರದೆಯನ್ನೇ ನೋಡುತ್ತ ನಿಂತಿದ್ದರು. ಕೊನೆಗೆ ಅಮ್ಮ ಚಪಾತಿ ಕಟ್ಟಿಕೊಟ್ಟು ಕಳಿಸಿದರು.

ಮೆಸೇಜಿನಲ್ಲಿ ಹೇಳಿದಂಥ ದಾಳಿ ನಡೆಯಲಿಲ್ಲ. ಎಷ್ಟೋ ಜನ ತಿಂಗಳೊಳಗೆ ವಾಪಸ್ ಬಂದರು. ನಮ್ಮ ಹುಡುಗ ಬರಲಿಲ್ಲ. ಅವನು ಹೋದ ಮೇಲೆ ಒಂದು ವಾರ ಟ್ಯಾಂಕ್ ತುಂಬಿ ಹರಿಯಿತು, ಎರಡನೇ ಮಹಡಿಯವರು ಬೈದರು. ಆಗ ಯಾರೋ ಅವನ ನಿಜವಾದ ಹೆಸರು ಏನು ಅಂತ ಕೇಳಿದರು. ಇಡೀ ಕಟ್ಟಡದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಗುವ ವಿಷಯವೂ ಇದೆ. 2022ರ ನವೆಂಬರ್‌ನಲ್ಲಿ ಮಂಗಳೂರಿನಲ್ಲಿ ಆಟೋದೊಳಗೆ ಕುಕ್ಕರ್ ಬಾಂಬ್ ಸಿಡಿಯಿತಲ್ಲ, ಅದಾಗಿ ಹದಿನೈದು ದಿನಕ್ಕೆ ನನ್ನ ಗೆಳತಿಯ ಗೃಹಪ್ರವೇಶ. ಐದು ಲೀಟರಿನ ಕುಕ್ಕರ್ ಉಡುಗೊರೆ ಕೊಂಡು ಆಟೋ ಹತ್ತಿದೆ. ಡ್ರೈವರ್ ಕನ್ನಡಿಯಲ್ಲಿ ನೋಡಿ, "ಮೇಡಂ, ಡಬ್ಬದಲ್ಲಿ ಏನು?" ಅಂದ. ಕುಕ್ಕರ್ ಅಂದೆ. ಆಟೋ ನಿಂತಿತು. ರಸ್ತೆ ಪಕ್ಕ ಡಬ್ಬ ಬಿಚ್ಚಿ, ಗ್ಯಾಸ್ಕೆಟ್, ವಿಷಲ್ ಎಲ್ಲ ತೋರಿಸಿದ ಮೇಲೆ ಅವನೂ ನಕ್ಕ, ನಾನೂ ನಕ್ಕೆ. "ಎಲೆಕ್ಷನ್ ಹತ್ರ ಬರ್ತಿದೆ ಮೇಡಂ, ಇನ್ನು ಊರೆಲ್ಲ ಕುಕ್ಕರ್ರೇ. ಯಾರನ್ನ ಅಂತ ಹತ್ತಿಸ್ಕೊಳ್ಳೋದು?" ಅಂದ.

ಆದರೆ 2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇಮೇಲ್ ಬಂದಾಗ ನಗು ಬರಲಿಲ್ಲ. ಮಗನ ಸ್ಕೂಲು ಆ ಪಟ್ಟಿಯಲ್ಲಿ ಇರಲಿಲ್ಲ, ಆದರೂ ಓಡಿದೆ. ಗೇಟಿನ ಮುಂದೆ ನೂರಾರು ಜನ. ಒಂದು ಕಾಲಿಗೆ ಮಾತ್ರ ಶೂ ಹಾಕಿಕೊಂಡು ಬಂದ ಅಪ್ಪನೊಬ್ಬ ಇದ್ದ. ಎಲ್ಲ ಹುಸಿ ಬೆದರಿಕೆ ಅಂತ ಆಮೇಲೆ ಗೊತ್ತಾಯಿತು. ರಾತ್ರಿ ಪೇರೆಂಟ್ಸ್ ಗ್ರೂಪಿನಲ್ಲಿ ಒಬ್ಬರು, ವ್ಯಾನ್ ಡ್ರೈವರ್‌ಗಳ, ಆಯಾಗಳ ಹೆಸರಿನ ಪಟ್ಟಿ ಬೇಕು ಅಂದರು. ಇಮೇಲಿಗೂ ಆಯಾಗೂ ಏನು ಸಂಬಂಧ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಇಪ್ಪತ್ತಮೂರು ಹೆಬ್ಬೆರಳು ಬಿದ್ದವು. ನಾನು ಹೆಬ್ಬೆರಳು ಒತ್ತಲಿಲ್ಲ ಅಂತ ಆಗ ಹೆಮ್ಮೆ ಪಟ್ಟುಕೊಂಡಿದ್ದೆ. ಮೂರೇ ತಿಂಗಳಿಗೆ ಮಾರತಹಳ್ಳಿಯಲ್ಲಿ ಇಳಿದೆ.

ರಾಮೇಶ್ವರಂ ಕೆಫೆ ಸ್ಫೋಟ ಆಗಿ ಸುಮಾರು ಒಂದು ವಾರಕ್ಕೆ ಬಾಗಿಲು ತೆರೆಯಿತು, ಶಿವರಾತ್ರಿಯ ಮಾರನೇ ದಿನ. ಆಮೇಲೆ ಒಂದು ದಿನ ಹೋದರೆ ಮುಂಚಿಗಿಂತ ಜಾಸ್ತಿ ಕ್ಯೂ. ಬಾಗಿಲಲ್ಲಿ ತಪಾಸಣೆ. ತುಪ್ಪದ ದೋಸೆ ಹಿಡಿದುಕೊಂಡು ನಿಲ್ಲೋಕೆ ಜಾಗ ಇಲ್ಲ. ಕೈ ತೊಳೆಯಲು ಹೋದವರೆಲ್ಲ ಒಂದು ಸಲ ಕೆಳಗೆ ಬಗ್ಗಿ ನೋಡುತ್ತಿದ್ದರು. ನಾನೂ ನೋಡಿದೆ. ಏಪ್ರಿಲ್ 12ಕ್ಕೆ ರಾಷ್ಟ್ರೀಯ ತನಿಖಾ ಸಂಸ್ಥೆ, ಅಂದರೆ ಎನ್‌ಐಎಯವರು, ಆ ಕೇಸಿನಲ್ಲಿ ಇಬ್ಬರನ್ನು ಪಶ್ಚಿಮ ಬಂಗಾಳದಲ್ಲಿ ಹಿಡಿದರು.

ಹೋದ ವರ್ಷ ಮಳೆಗಾಲದ ಮುಂಚೆ ಊರಿಂದ ವಾಪಸ್ ಬರುತ್ತಿದ್ದೆ. ದಾರಿಯಲ್ಲಿ ಒಂದು ಊರಿನ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಬದಲಾಯಿಸಬೇಕಿತ್ತು. ಅಮ್ಮ ಕೊಟ್ಟ ಚೀಲವನ್ನು ಬೆಂಚಿನ ಮೇಲೆ ಇಟ್ಟು ಶೌಚಾಲಯಕ್ಕೆ ಹೋಗಿ ಬಂದೆ. ಬರುವಷ್ಟರಲ್ಲಿ ಬೆಂಚು ಖಾಲಿ. ಚೀಲ ಒಂದೇ ಕೂತಿದೆ, ಹತ್ತು ಅಡಿ ದೂರದಲ್ಲಿ ಜನ ಅರ್ಧ ಚಂದ್ರಾಕಾರ ನಿಂತಿದ್ದಾರೆ. "ವಾರಸುದಾರರು ಯಾರು?" ಅಂತ ಮೈಕಿನಲ್ಲಿ ಕೂಗುತ್ತಿದ್ದಾರೆ. ಗುಂಪಿನಲ್ಲಿ ಒಬ್ಬ ಫೋನೆತ್ತಿ ವಿಡಿಯೊ ಮಾಡುತ್ತಿದ್ದಾನೆ.

"ನಂದು, ನಂದು" ಅಂತ ಓಡಿದೆ. ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಒಂದು ಡಬ್ಬ ಜೇನುತುಪ್ಪ. ಎಣ್ಣೆ ಜಿನುಗಿ ಚೀಲದ ತಳ ಕೆಂಪಾಗಿತ್ತು. ಅದನ್ನು ನೋಡಿ ಜನ ಇನ್ನಷ್ಟು ಹಿಂದೆ ಸರಿದಿದ್ದರು ಅಂತ ಆಮೇಲೆ ಗೊತ್ತಾಯಿತು. ಹೋಮ್‌ಗಾರ್ಡ್ ಒಬ್ಬರು ಪುಸ್ತಕ ತೆಗೆದು ಗಂಭೀರವಾಗಿ ಮುಂದೆ ಬಂದರು.

"ಏನಮ್ಮಾ, ಹೀಗೆಲ್ಲ ಬಿಟ್ಟು ಹೋಗ್ತಾರಾ? ಹೆಸರೇನು?"

ಹೇಳಿದೆ.

"ಯಜಮಾನ್ರ ಹೆಸರು?"

ಅದನ್ನೂ ಹೇಳಿದೆ. ಬರೆದುಕೊಳ್ಳುತ್ತಿದ್ದ ಕೈ ನಿಂತಿತು. ಪುಸ್ತಕ ಮುಚ್ಚಿದರು. ಚೀಲ ಬಿಚ್ಚಿ ತೋರಿಸಲು ನಾನು ಗಂಟಿಗೆ ಕೈ ಹಾಕಿದ್ದೆ.

"ಪರವಾಗಿಲ್ಲ ಬಿಡಮ್ಮಾ, ಬಿಚ್ಬೇಡಿ. ನಿಮ್ಮ ಬಸ್ಸು ಬಂತು ನೋಡಿ, ಹೊರಡಿ" ಅಂದರು.